ಹಿತ್ತಿಲು ಕಲಿಸಿದ ಪಾಠ

(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಸಂತವೆಂದೊಡನೆ ಕವಿಗೆ ಕೋಗಿಲೆ ನೆನಪಾಗುತ್ತದೆ. ಹಿತ್ತಿಲಲ್ಲಿ ನಾಲ್ಕು ಗಿಡ ಸಾಕಿದವನಿಗಾದರೋ ಬಾವಿ, ಕೊಡಗಳೇ ನೆನಪಾಗುತ್ತವೆ. ನಮ್ಮಲ್ಲಿ ಅನೇಕರು ವಿಜಯಪುರ, ಗದಗ ಕಡೆಯ ಎರೆಭೂಮಿಯಿಂದ ಬಂದವರು. ಆ ಕಪ್ಪು ಮಣ್ಣು ನೀರನ್ನು ಹಿಡಿದಿಡುತ್ತದೆ. ಗೋವೆಯ ಜಂಬಿಟ್ಟಿಗೆಯ ಕೆಂಪು ಮಣ್ಣು ಬೇಗ ಬಸಿದುಬಿಡುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿದರೂ ಚೈತ್ರದ ಹೊತ್ತಿಗೆ ನೆಲ ಒಣಗಿರುತ್ತದೆ. ಆದ್ದರಿಂದ ಬುಡಕ್ಕೆ ತರಗೆಲೆ ಹೊದಿಸುವುದು, ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕುವುದು ನಿತ್ಯದ ಕೆಲಸ.

ಕಳೆದ ವರ್ಷ ನನ್ನ ಬದನೆಯ ಗಿಡವೊಂದು, ಎಲೆ ಹಸುರಾಗಿದ್ದಂತೆಯೇ, ಬಾಡಿತು. ಬಾಯಾರಿಕೆಯೆಂದು ಬಗೆದು ಎರಡು ಕೊಡ ನೀರೆರೆದೆ. ಪಕ್ಕದ ಗಿಡವೂ ಬಾಡಿತು, ಇನ್ನಷ್ಟು ಎರೆದೆ. ಕೆಲವೇ ದಿನಗಳಲ್ಲಿ ಸಾಲೇ ಹೋಯಿತು. ಅನುಭವಿಗಳಾದ ನೆರೆಯವರೊಬ್ಬರು ಕಾಂಡವನ್ನು ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರು. ಕೊಯ್ದ ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗುರೋಗ. ಹರಿಯುವ ನೀರಿನೊಡನೆ ಹರಡುವಂಥದು. ನಾನೆರೆದ ನೀರೇ ಅದನ್ನು ಸಾಲಿನುದ್ದಕ್ಕೂ ಒಯ್ದಿತ್ತು! ಅಂಥ ಗಿಡವನ್ನು ಕಿತ್ತು ಸುಡಬೇಕು. ಆ ಜಾಗದಲ್ಲಿ ಬದನೆ, ಟೊಮೇಟೊ, ಮೆಣಸಿನ ಗಿಡಗಳನ್ನು ನೆಡದೆ ಅಲಸಂದೆಯನ್ನು ಬಿತ್ತಬೇಕು.

ಪಾಲಕರೇ, ಮಕ್ಕಳ ಅಂಕ ಇಳಿದಾಗಲೂ ನಾವು ಪಾಠದ ಮೇಲೆ ಪಾಠ, ಬೈಗುಳದ ಮೇಲೆ ಬೈಗುಳ ಸುರಿಯುತ್ತೇವೆ. ಕರಿಹಲಗೆಯೇ ಕಾಣದ ಹುಡುಗನೊಬ್ಬನನ್ನು ಲೆಕ್ಕ ಬಾರದವನೆಂದು ನಾನು ವರ್ಷವಿಡೀ ಗದರಿದ್ದೆ. ಅವನಿಗೆ ಬೇಕಾಗಿದ್ದುದು ಕನ್ನಡಕ. ಗದರುವ ಮುನ್ನ, ಎರೆಯುವ ಮುನ್ನ, ಒಮ್ಮೆ ಹತ್ತಿರ ಹೋಗಿ ನೋಡೋಣ.