ಇಲ್ಲ ಅಂತಾದ್ರೂ ಹೇಳಿ ಸ್ವಾಮಿ

ಬಂದೂಕಿನ ಲೈಸೆನ್ಸ್ ಅಂದ ಕೂಡಲೇ ಕೆಲವರಿಗೆ ಗಾಬರಿ ಆಗುತ್ತೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ವಿಡಿಯೋ ಮಾಡಿಸಿಕೊಳ್ಳುವ ಶೋಕಿಲಾಲರ ಪರವಾಗಿ ನಾನು ಮಾತಾಡ್ತಿಲ್ಲ. ಜನರ ಜೀವಕ್ಕೆ ಅಪಾಯ ತರುವ ಅಂಥ ಶೋಕಿಗೆ 2019ರ ತಿದ್ದುಪಡಿಯಲ್ಲಿ 2 ವರ್ಷದವರೆಗೆ ಜೈಲಿದೆ, ಇರಲಿ. ನಾನು ಹೇಳ್ತಿರೋದು ಮಲೆನಾಡಿನ ಕಾಡಂಚಿನಲ್ಲಿ ಬೇಸಾಯ ಮಾಡುವ ರೈತನ ವಿಷಯ.

ರಾತ್ರಿ ಕಾಡುಹಂದಿ ಗದ್ದೆಗೆ ನುಗ್ಗುತ್ತೆ. ಬೆಳೆ ರಕ್ಷಣೆಗೆ ಒಂದು ಕೋವಿ ಬೇಕು ಅಂತ ಆತ ಡಿಸಿ ಕಚೇರಿಗೆ ಅರ್ಜಿ ಕೊಡ್ತಾನೆ. (ಕೋವಿ ಬಂದ ಮಾತ್ರಕ್ಕೆ ಪ್ರಾಣಿ ಕೊಲ್ಲುವ ಹಕ್ಕು ಬರಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಆತನಿಗೆ ಬೇಕಿರೋದು ಸದ್ದು ಮಾಡಿ ಓಡಿಸೋದಕ್ಕೆ.) ಆಮೇಲೆ ಶುರುವಾಗುತ್ತೆ ಅಲೆದಾಟ. ಡಿಸಿ ಕಚೇರಿಯಲ್ಲಿ ಕೇಳಿದರೆ ಪೊಲೀಸ್ ವರದಿ ಬಂದಿಲ್ಲ, ಠಾಣೆಯಲ್ಲಿ ಕೇಳಿದರೆ ಕಳಿಸಿ ಆಯ್ತಲ್ಲ!

ಕಾನೂನು ಏನು ಹೇಳುತ್ತೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ನೋಡಿ. ನಿಜವಾಗಿ ಬೆಳೆ ರಕ್ಷಣೆಗೆಂದೇ ನಳಿಕೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದರೆ, ನಿರಾಕರಿಸಲು ಕಾಯ್ದೆಯಲ್ಲೇ ಇರುವ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡತಕ್ಕದ್ದು. ‘ಕೊಡಬಹುದು’ ಅಲ್ಲ. 2016ರ ನಿಯಮಗಳ ಪ್ರಕಾರ ಪೊಲೀಸರಿಗೆ 30 ದಿನ, ವರದಿ ಬಂದ ಮೇಲೆ ಅಧಿಕಾರಿಗೆ 60 ದಿನ. ಪೊಲೀಸ್ ವರದಿ ಗಡುವಿನೊಳಗೆ ಬಾರದಿದ್ದರೆ, ಅದಕ್ಕೆ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಇದೇ ಸೆಕ್ಷನ್ ಕೊಟ್ಟಿದೆ. ಆ ಅಧಿಕಾರ ಬಳಸೋಕೆ ಏನು ಕಷ್ಟ?

ಬಂದೂಕು ಇಟ್ಟುಕೊಳ್ಳೋದು ಮೂಲಭೂತ ಹಕ್ಕಲ್ಲ, ಒಪ್ಪೋಣ. ಅರ್ಜಿದಾರ ಯೋಗ್ಯನಲ್ಲ ಅನಿಸಿದರೆ ‘ಇಲ್ಲ’ ಅನ್ನಿ. ಆದರೆ ಇಲ್ಲ ಅನ್ನಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ 18ನೇ ಸೆಕ್ಷನ್‌ನಡಿ ಮೇಲ್ಮನವಿ ಹೋಗ್ತಾನೆ. ಏನೂ ಬರೆಯದೆ ಫೈಲು ಕಟ್ಟಿ ಇಟ್ಟುಬಿಟ್ಟರೆ? ಮೇಲ್ಮನವಿ ಹಾಕೋಕೆ ಆದೇಶವೇ ಇಲ್ಲ! ಅಧಿಕಾರಿಗೆ ಇದಕ್ಕಿಂತ ಸುರಕ್ಷಿತ ಜಾಗ ಇನ್ನೊಂದಿಲ್ಲ. ಲೈಸೆನ್ಸ್ ಕೊಟ್ಟು ನಾಳೆ ಅನಾಹುತವಾದರೆ ಪ್ರಶ್ನೆ ಬರುತ್ತೆ, ಕೊಡದೆ ಕೂತರೆ ಯಾರು ಕೇಳ್ತಾರೆ?

ಕೇಳೋಕೆ ಉಳಿಯೋದು ಹೈಕೋರ್ಟ್ ಒಂದೇ. ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಬೇಕು. ವಕೀಲರ ಫೀಸು, ಬೆಂಗಳೂರಿಗೋ ಧಾರವಾಡಕ್ಕೋ ಬಸ್ಸು. ಇಷ್ಟೆಲ್ಲ ಆದ ಮೇಲೆ ಸಾಮಾನ್ಯವಾಗಿ ಬರೋ ಆದೇಶ ಏನು ಗೊತ್ತಾ? ಇಷ್ಟು ವಾರದೊಳಗೆ ಅರ್ಜಿಯನ್ನು ಕಾನೂನಿನ ಪ್ರಕಾರ ಪರಿಗಣಿಸಿ ಅಂತ. ನ್ಯಾಯಾಲಯ ತಾನೇ ಲೈಸೆನ್ಸ್ ಬರೆದುಕೊಡಲ್ಲ, ಕೊಡಲೂಬಾರದು. ಆದರೆ ನಿಯಮದಲ್ಲಿ ಮೊದಲೇ ಅಚ್ಚಾಗಿರುವ ಮಾತನ್ನು ಹೇಳಿಸೋಕೆ ಒಬ್ಬ ರೈತ ಅಡಿಕೆ ಮಾರಿದ ದುಡ್ಡು ಸುರಿಯಬೇಕಾ?

ಅರ್ಜಿ ಹಾಕಿ ಕಾದಿರುವವರಿಗೆ ಒಂದು ಮಾತು. ಅರ್ಜಿ ಕೊಟ್ಟ ದಿನದ ಸ್ವೀಕೃತಿ ಜೋಪಾನವಾಗಿಡಿ. ಪೊಲೀಸ್ ವರದಿ ಯಾವ ತಾರೀಖಿಗೆ ಹೋಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಆ ತಾರೀಖು ಹಾಕಿ, 30 ಮತ್ತು 60 ದಿನದ ಲೆಕ್ಕ ಬರೆದು, ಹಿಂಬರಹ ಕೊಡಿ ಅಂತ ಒಂದು ಜ್ಞಾಪನ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕೋರ್ಟಿಗೆ ಹೋಗಲೇಬೇಕಾಗಿ ಬಂದರೆ ವಕೀಲರು ಮೊದಲು ಕೇಳೋದು ಆ ಕಾಗದವನ್ನೇ.