ಹುಟ್ಟು ಕೇಳುವುದು ಶರಣಮಾರ್ಗವಲ್ಲ

(ಬೆಳಗಾವಿಯಲ್ಲಿ ಮಾಡಿದ ಉಪನ್ಯಾಸದ ಸಾರ)



ವಾಟಣಿ ದಾವೆ ನಡೆಸುವ ವಕೀಲ ನಾನು. ಅಲ್ಲಿ ಪದೇ ಪದೇ ಕೇಳುವ ಮಾತೊಂದಿದೆ: “ಅಂವಾ ಇಟಗೊಂಡಾಕಿ ಮಗಾ, ಅವಗೆಲ್ಲಿ ಪಾಲು?” ಜಗಳ ಹೊಲದ್ದು, ಬೈಗುಳ ಮಾತ್ರ ಹುಟ್ಟಿಗೆ. ಹೀಗೆನ್ನುವವರ ಕೊರಳಲ್ಲೂ ಇಷ್ಟಲಿಂಗವಿರುತ್ತದೆ.

ಬಸವಣ್ಣನವರು ಹುಟ್ಟಿದ್ದು ಮಾದರಸ-ಮಾದಲಾಂಬಿಕೆಯರ ಅಗ್ರಹಾರದ ಮನೆಯಲ್ಲಿ. ಆದರೂ ಒಂದು ವಚನದಲ್ಲಿ ಅವರು ತಮ್ಮನ್ನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹೊಲದಲ್ಲಿ ಕೂಡಿ ಹುಟ್ಟಿದ ಮಗನೆಂದು ಕರೆದುಕೊಳ್ಳುತ್ತಾರೆ. ಕುಲವೂ ಇಲ್ಲ, ಮದುವೆಯೂ ಇಲ್ಲ. ಲೋಕ ಯಾವ ಹುಟ್ಟನ್ನು ಹೀನವೆಂದಿತೋ ಅದನ್ನೇ ಅವರು ತಮ್ಮದೆಂದರು. ಅದೇ ಹುಟ್ಟನ್ನು ನಾವು ಬೈಗುಳ ಮಾಡಿದರೆ ಅದು ಯಾರಿಗೆ ತಾಗುತ್ತದೆ?

ಕಾನೂನು ನಮಗಿಂತ ಮುಂದೆ ಹೋಗಿದೆ. 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ಮೊದಲ ಹೆಂಡತಿ ಇರುವಾಗ ಆದ ಎರಡನೆಯ ಮದುವೆ ಶೂನ್ಯ. ಆದರೆ ಅದರಲ್ಲಿ ಹುಟ್ಟಿದ ಮಗು 16ನೇ ಕಲಮಿನಂತೆ ಸಕ್ರಮ. ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು: ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವ ಆಸ್ತಿಯಲ್ಲಿ ಆ ಮಗುವಿಗೂ ಹಕ್ಕುಂಟು.

ಆದರೆ ಮದುವೆಯೇ ಆಗದ ತಾಯಿಯ ಮಗುವನ್ನು ಈ ಕಲಮು ಮುಟ್ಟುವುದಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ನಮ್ಮ ಜಿಲ್ಲೆಯವರೇ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕದ ನಿಷೇಧ ಕಾಯ್ದೆ ಬಂತು. ಮುತ್ತು ಕಟ್ಟುವುದು ಅಪರಾಧವಾಯಿತು. “ನಿಮ್ಮಪ್ಪ ಯಾರು?” ಎಂಬ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ. ತಪ್ಪು ಮಾಡಿದ ಗಂಡಸು ಊರ ಗೌಡಿಕೆ ಮಾಡುತ್ತಾನೆ, ತಲೆ ತಗ್ಗಿಸುವುದು ಕೂಸು.

ಕಾನೂನು ನಿಂತಲ್ಲಿಂದ ಮುಂದೆ ನಡೆಯಬೇಕಾದವರು ನಾವು. ದೀಕ್ಷೆಯಾದ ಮೇಲೆ ಪೂರ್ವಾಶ್ರಯ ಎತ್ತಬಾರದೆಂಬುದು ಶರಣರ ನಡೆ. ಹಾಗಾದರೆ ಮೂರು ಕೆಲಸ ಮಾಡೋಣ. ಮಠದ ಪ್ರಸಾದನಿಲಯದ ಅರ್ಜಿಯಲ್ಲಿ ತಾಯಿಯ ಹೆಸರೊಂದೇ ಸಾಕೆನ್ನೋಣ. ಲಿಂಗದೀಕ್ಷೆ ಬೇಡಿ ಬಂದ ಮಗುವಿನ ಅಪ್ಪನನ್ನು ವಿಚಾರಿಸದಿರೋಣ. ಮೂರನೆಯದು ಕಠಿಣ: ಅಂಥ ಮನೆಯ ಹುಡುಗನಿಗೆ ಹೆಣ್ಣು ಕೊಡೋಣ, ಅಂಥ ಮನೆಯ ಹುಡುಗಿಯನ್ನು ಸೊಸೆಯಾಗಿ ತರೋಣ. ವೇದಿಕೆಯ ಮೇಲೆ ಸಮಾನತೆ ಹೇಳುವುದು ಸುಲಭ. ಕನ್ಯಾ ನೋಡಲು ಹೋದಾಗ ಅದು ಉಳಿದಿದ್ದರೆ ಅದೇ ಬಸವತತ್ವ.