ಬಂದವರು ಎಷ್ಟು, ಉಳಿದವರು ಎಷ್ಟು

ನಮ್ಮ ಊರುಗಳ ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ಒಂದು ಬರಹ ಇದ್ದೇ ಇರುತ್ತದೆ. ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ ಅಂತ. ಮಲದಲ್ಲಿ ರಕ್ತ ಕಂಡವರು ಅಲ್ಲಿಗೆ ಹೋಗುವ ಮೊದಲೇ ಮನೆಯಲ್ಲಿ ಒಂದು ಸುತ್ತು ಔಷಧಿ ಮುಗಿದಿರುತ್ತದೆ. "ಮೈ ಉಷ್ಣ ಆಗಿದೆ ಕಣಮ್ಮ, ಎಳನೀರು ಕುಡಿ, ಖಾರ ಬಿಡು" ಎಂದು ಅತ್ತೆ ಹೇಳುತ್ತಾರೆ, ಸೊಸೆ ಕೇಳುತ್ತಾಳೆ. ಹೀಗೆ ರಕ್ತ ಹೋಗುವವರಲ್ಲಿ ಬಹುತೇಕರಿಗೆ ಇರುವುದು ಮೂಲವ್ಯಾಧಿಯೇ. ಆದರೆ ಕೆಲವರಿಗೆ ಇರುವುದು ದೊಡ್ಡಕರುಳಿನ ಅಥವಾ ಗುದನಾಳದ ಕ್ಯಾನ್ಸರ್. ಇವತ್ತಿನ ಮಾತು ಆ ಕಾಯಿಲೆಯ ಬಗ್ಗೆ.

2022ರಲ್ಲಿ ಜಗತ್ತಿನ ಸುಮಾರು 19 ಲಕ್ಷ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಇದರಿಂದ ತೀರಿಕೊಂಡರು. ಕ್ಯಾನ್ಸರ್‌ನಿಂದ ಆಗುವ ಸಾವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಿಟ್ಟರೆ ಮುಂದಿನ ಸ್ಥಾನ ಇದರದು. ಆದರೆ ಈ ಹೊರೆ ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿಲ್ಲ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದರೆ ನಾರ್ವೆ, ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 40ಕ್ಕೂ ಹೆಚ್ಚು ಮಂದಿಗೆ ಬರುತ್ತದೆ. ಭಾರತದಲ್ಲಿ 5ರ ಆಸುಪಾಸು. ಅಲಾಸ್ಕಾದ ಮೂಲನಿವಾಸಿಗಳಲ್ಲಿ ಎಲ್ಲರಿಗಿಂತ ಹೆಚ್ಚು.

ಯಾರಿಗೆ ಬರುತ್ತದೆ ಎಂಬುದು ಒಂದು ಪ್ರಶ್ನೆ. ಬಂದವರಲ್ಲಿ ಯಾರು ಉಳಿಯುತ್ತಾರೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ ಕಡೆ ಸಿಗುತ್ತದೆ. ಅವನ್ನು ಬೆರೆಸಿಬಿಟ್ಟರೆ, "ಅದು ಅವರ ರಕ್ತದಲ್ಲೇ ಇದೆ" ಎಂಬ ಸುಲಭದ ಮಾತಿಗೆ ಬಂದು ನಿಲ್ಲುತ್ತೇವೆ.

ಮೊದಲನೆಯದಕ್ಕೆ ಬರೋಣ. ದೊಡ್ಡಕರುಳಿನ ಒಳಪದರದಲ್ಲಿ ಕೆಲವರಿಗೆ ಅಣಬೆಯಂಥ ಸಣ್ಣ ಗಂಟುಗಳು ಏಳುತ್ತವೆ. ವೈದ್ಯರು ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ಹಾಗೇ ಇದ್ದುಬಿಡುತ್ತವೆ. ಕೆಲವು ನಿಧಾನವಾಗಿ ದೊಡ್ಡದಾಗಿ, ಒಂದೊಂದೇ ಜೀನು ಕೆಟ್ಟು, ಕ್ಯಾನ್ಸರ್ ಆಗಿ ತಿರುಗುತ್ತವೆ. ಇದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಹಿಡಿಯುತ್ತದೆ. ಇಷ್ಟು ದೀರ್ಘ ಅವಕಾಶ ಕೊಡುವ ಕ್ಯಾನ್ಸರ್‌ಗಳು ಹೆಚ್ಚಿಲ್ಲ. ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಆಗ ಕಾಯಿಲೆ ಹುಟ್ಟುವುದೇ ತಪ್ಪುತ್ತದೆ.

ಊಟಕ್ಕೂ ಈ ಕಾಯಿಲೆಗೂ ನಂಟು ಇದೆ ಎಂಬುದನ್ನು ಜಗತ್ತಿಗೆ ಬಲವಾಗಿ ಹೇಳಿದವರು ಡೆನಿಸ್ ಬರ್ಕಿಟ್. ಐರ್ಲೆಂಡಿನವರು, ಉಗಾಂಡಾದಲ್ಲಿ ಬಹುಕಾಲ ಶಸ್ತ್ರಚಿಕಿತ್ಸಕರಾಗಿದ್ದವರು. ಬ್ರಿಟನ್ನಿನಲ್ಲಿ ದಿನನಿತ್ಯ ಕಾಣುವ ಕರುಳಿನ ಕ್ಯಾನ್ಸರ್ ಆಫ್ರಿಕಾದ ಹಳ್ಳಿಗರಲ್ಲಿ ಏಕೆ ಇಷ್ಟು ಅಪರೂಪ ಎಂಬುದು ಅವರನ್ನು ಕಾಡಿತು. ಅವರು ಕಂಡುಕೊಂಡ ಉತ್ತರ ನಾರು. ಹಳ್ಳಿಗರ ಊಟದಲ್ಲಿ ನಾರು ಹೆಚ್ಚು, ಮಲ ಹೆಚ್ಚು, ಅದು ಕರುಳಿನಲ್ಲಿ ನಿಲ್ಲುವ ಹೊತ್ತು ಕಡಿಮೆ. ಈ ವಾದವನ್ನು ಅವರು 1971ರಲ್ಲಿ ವಿಸ್ತಾರವಾಗಿ ಬರೆದು ಪ್ರಕಟಿಸಿದರು.

ರಕ್ತವೋ ರೂಢಿಯೋ ಎಂಬ ಪ್ರಶ್ನೆಗೆ ವಲಸೆ ಹೋದವರ ಬದುಕಿನಲ್ಲಿ ಒಳ್ಳೆಯ ಸಾಕ್ಷ್ಯ ಸಿಗುತ್ತದೆ. ಕಳೆದ ಶತಮಾನದ ನಡುವಿನಲ್ಲಿ ಜಪಾನಿನಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ, ಹೊಟ್ಟೆಯ ಕ್ಯಾನ್ಸರ್ ಹೆಚ್ಚು. ಹವಾಯಿಗೆ, ಅಮೆರಿಕಕ್ಕೆ ಹೋಗಿ ನೆಲೆಸಿದ ಜಪಾನಿಗಳಲ್ಲಿ ಕರುಳಿನ ಕ್ಯಾನ್ಸರ್ ಬೇಗನೆ ಏರಿ ಅಲ್ಲಿನ ಬಿಳಿಯರ ಮಟ್ಟವನ್ನು ಮುಟ್ಟಿತು. ಹೊಟ್ಟೆಯ ಕ್ಯಾನ್ಸರ್ ಮಾತ್ರ ಇಳಿಯಲು ಹೆಚ್ಚು ಕಾಲ ಹಿಡಿಯಿತು. ಒಂದೆರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಊಟ, ಕೆಲಸ, ಓಡಾಟ ಬದಲಾಗುತ್ತವೆ. ಮುಂದೆ ಜಪಾನ್ ದೇಶವೇ ತನ್ನ ಊಟ ಬದಲಿಸಿಕೊಂಡಾಗ ಅಲ್ಲೂ ಈ ಕಾಯಿಲೆ ಹೆಚ್ಚಿತು. ಭಾರತದಿಂದ ಬ್ರಿಟನ್‌ಗೂ ಅಮೆರಿಕಕ್ಕೂ ಹೋದ ನಮ್ಮವರ ಕಥೆಯೂ ಅದೇ ದಿಕ್ಕಿನದು. ಅವರಲ್ಲಿ ಈ ಕಾಯಿಲೆ ಅಲ್ಲಿನ ಬಿಳಿಯರಿಗಿಂತ ಕಡಿಮೆ, ಊರಲ್ಲಿ ಉಳಿದ ನಮಗಿಂತ ಹೆಚ್ಚು.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ 20 ಜನ ಕಪ್ಪು ಅಮೆರಿಕನ್ನರು, ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ 20 ಜನ ಹಳ್ಳಿಗರು. ಎರಡೂ ಗುಂಪಿನವರ ಹಿರಿಯರು ಆಫ್ರಿಕಾದವರು. ಆದರೆ ಅಮೆರಿಕದವರಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ ಸುಮಾರು 65, ಆ ಹಳ್ಳಿಗರಲ್ಲಿ ಲಕ್ಷಕ್ಕೆ 5ಕ್ಕಿಂತ ಕಡಿಮೆ. ಸಂಶೋಧಕರು ಎರಡು ವಾರದ ಮಟ್ಟಿಗೆ ಇವರ ಊಟವನ್ನು ಅದಲುಬದಲು ಮಾಡಿದರು. ಅಮೆರಿಕನ್ನರಿಗೆ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಕಾಳು, ಹಣ್ಣು. ಹಳ್ಳಿಗರಿಗೆ ಸಾಸೇಜು, ಬರ್ಗರು, ಕರಿದ ಆಲೂಗಡ್ಡೆ. ಅಮೆರಿಕನ್ನರ ನಾರು ದಿನಕ್ಕೆ 14 ಗ್ರಾಮಿನಿಂದ 55ಕ್ಕೆ ಏರಿತು, ಹಳ್ಳಿಗರದು 66ರಿಂದ 12ಕ್ಕೆ ಇಳಿಯಿತು.

ಎರಡೇ ವಾರದಲ್ಲಿ ಕರುಳು ಬದಲಾಯಿತು. ನಾರು ಉಂಡ ಅಮೆರಿಕನ್ನರ ಕರುಳಿನ ಉರಿಯೂತ ತಗ್ಗಿತು, ಕೋಶಗಳು ಮಿತಿಮೀರಿ ಹೆಚ್ಚುವ ವೇಗ ಕಡಿಮೆಯಾಯಿತು. ಹಳ್ಳಿಗರಲ್ಲಿ ಇದಕ್ಕೆ ತದ್ವಿರುದ್ಧ. ಈ ಕೆಲಸ ಮಾಡುವವು ಕರುಳಿನ ಬ್ಯಾಕ್ಟೀರಿಯಾಗಳು. ನಮಗೆ ಜೀರ್ಣವಾಗದ ನಾರನ್ನು ಅವು ಹುಳಿ ಬರಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಆಹಾರ, ಅದೇ ಕಾವಲು. ಎರಡು ವಾರದಲ್ಲಿ ಯಾರಿಗೂ ಕ್ಯಾನ್ಸರ್ ಬರಲಿಲ್ಲ, ಯಾರದೂ ವಾಸಿಯಾಗಲಿಲ್ಲ, ಬದಲಾದದ್ದು ಅಪಾಯದ ಸೂಚನೆಗಳಷ್ಟೇ. ಆದರೂ ಅವು ಬದಲಾದ ದಿಕ್ಕು ಸ್ಪಷ್ಟವಾಗಿದೆ.

ಹಾಗೆಂದು ನಾರನ್ನು ಮದ್ದು ಮಾಡಿ ಮಾರಲು ಹೊರಡಬಾರದು. ಆಗಲೇ ಪಾಲಿಪ್ ಬಂದು ತೆಗೆಸಿಕೊಂಡಿದ್ದ ಅಮೆರಿಕನ್ನರಿಗೆ ನಾಲ್ಕು ವರ್ಷ ನಾರು ಹೆಚ್ಚಿರುವ, ಕೊಬ್ಬು ಕಡಿಮೆ ಇರುವ ಊಟ ಮಾಡುವಂತೆ ಹೇಳಿ ನೋಡಿದರು. 2000ದಲ್ಲಿ ಫಲಿತಾಂಶ ಬಂತು. ಪಾಲಿಪ್ ಮತ್ತೆ ಬರುವುದು ಕಡಿಮೆಯಾಗಿರಲಿಲ್ಲ. ಬಾಲ್ಯದಿಂದ ಉಂಡ ಊಟಕ್ಕೂ ಐವತ್ತು ದಾಟಿದ ಮೇಲೆ ನಾಲ್ಕು ವರ್ಷ ಉಂಡ ಊಟಕ್ಕೂ ಒಂದೇ ಫಲ ಸಿಗಬೇಕೆಂದಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ರಾಗಿಮುದ್ದೆ, ಜೋಳದ ರೊಟ್ಟಿ, ಹೆಸರುಕಾಳು, ಸೊಪ್ಪು ಕರುಳಿಗೆ ಒಳ್ಳೆಯ ಊಟ. ಆದರೆ ಅದನ್ನು ಉಂಡವರಿಗೆ ಈ ಕಾಯಿಲೆ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಉಳಿದ ಕಾರಣಗಳನ್ನು ಚುಟುಕಾಗಿ ಹೇಳುತ್ತೇನೆ. ಮದ್ಯ, ತಂಬಾಕು, ಬೊಜ್ಜು, ಕೂತಲ್ಲೇ ಕೂರುವ ಬದುಕು, ಸಕ್ಕರೆ ಕಾಯಿಲೆ, ಬಹುಕಾಲದ ಕರುಳಿನ ಉರಿಯೂತ. ಸಾಸೇಜು, ಬೇಕನ್ ಮುಂತಾದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಶೇಕಡ 18ರಷ್ಟು ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. ಆದರೆ ಈಗ ಅದೂ ಮೊದಲಿನಂತೆ ಉಳಿದಿಲ್ಲ. ಅಮೆರಿಕದಲ್ಲಿ 1990ರ ಆಸುಪಾಸು ಹುಟ್ಟಿದವರಿಗೆ ಗುದನಾಳದ ಕ್ಯಾನ್ಸರ್ ಬರುವ ಅಪಾಯ, 1950ರ ಆಸುಪಾಸು ಹುಟ್ಟಿದವರು ಅದೇ ವಯಸ್ಸಿನಲ್ಲಿದ್ದಾಗ ಇದ್ದದ್ದಕ್ಕಿಂತ ನಾಲ್ಕು ಪಟ್ಟು. ಅದಕ್ಕಾಗಿಯೇ 2021ರಲ್ಲಿ ಅಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು.

ಈಗ ಎರಡನೆಯ ಪ್ರಶ್ನೆ. ಬಂದವರಲ್ಲಿ ಯಾರು ಉಳಿಯುತ್ತಾರೆ?

ಅಮೆರಿಕದ ಕಪ್ಪು ಜನರಿಗೆ ಈ ಕಾಯಿಲೆ ಬಿಳಿಯರಿಗಿಂತ ಸುಮಾರು ಶೇಕಡ 20ರಷ್ಟು ಹೆಚ್ಚು ಬರುತ್ತದೆ, ಸಾವು ಸುಮಾರು ಶೇಕಡ 40ರಷ್ಟು ಹೆಚ್ಚು. 'ಬ್ಲ್ಯಾಕ್ ಪ್ಯಾಂಥರ್' ಚಿತ್ರದ ನಾಯಕ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟಿನಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡಾಗ ಅವರಿಗೆ 43 ವರ್ಷ. 2016ರಲ್ಲಿ ಪತ್ತೆಯಾದಾಗಲೇ ಕಾಯಿಲೆ ಮೂರನೆಯ ಹಂತದಲ್ಲಿತ್ತು. ಕಪ್ಪು ಜನರಲ್ಲಿ ಕ್ಯಾನ್ಸರ್‌ನ ಸ್ವಭಾವವೇ ಉಗ್ರ ಎಂದು ಹೇಳುವವರು ಬಹಳ ಮಂದಿ ಇದ್ದರು. ಅದು ಎಷ್ಟು ನಿಜ ಎಂಬುದನ್ನು ಡೆಲವೇರ್ ಎಂಬ ಪುಟ್ಟ ರಾಜ್ಯ ತೋರಿಸಿಕೊಟ್ಟಿತು.

2002ರಿಂದ ಡೆಲವೇರ್ ಸರ್ಕಾರ ವಿಮೆ ಇಲ್ಲದವರಿಗೂ ಕೊಲೊನೊಸ್ಕೋಪಿ ಮಾಡಿಸಲು ಹಣ ಕೊಟ್ಟಿತು. ಕ್ಯಾನ್ಸರ್ ಕಂಡರೆ ಚಿಕಿತ್ಸೆಯ ಖರ್ಚನ್ನೂ ವಹಿಸಿಕೊಂಡಿತು. ಇಷ್ಟೇ ಸಾಲದೆಂದು ನರ್ಸ್‌ಗಳನ್ನು ನೇಮಿಸಿತು. ಜನರನ್ನು ಹುಡುಕಿ ಮಾತಾಡಿಸುವುದು, ದಿನ ಗೊತ್ತುಮಾಡುವುದು, ಕರುಳು ಖಾಲಿ ಮಾಡುವ ಔಷಧಿಯನ್ನು ಹೇಗೆ ಕುಡಿಯಬೇಕೆಂದು ಹೇಳಿಕೊಡುವುದು, ಬಾರದಿದ್ದವರಿಗೆ ಮತ್ತೆ ಫೋನ್ ಮಾಡುವುದು ಅವರ ಕೆಲಸ. ಕಪ್ಪು ಜನರ ಬಡಾವಣೆಗಳ ಸಂಘಟನೆಗಳ ಜೊತೆಗೂಡಿ ಅವರು ಈ ಕೆಲಸ ಮಾಡಿದರು.

ಏಳು ವರ್ಷದಲ್ಲಿ ಆದದ್ದನ್ನು ಕೇಳಿ. ತಪಾಸಣೆ ಮಾಡಿಸಿಕೊಂಡ ಕಪ್ಪು ಜನರ ಪ್ರಮಾಣ ಶೇಕಡ 48ರಿಂದ 74ಕ್ಕೆ ಏರಿ ಬಿಳಿಯರಿಗೆ ಸಮವಾಯಿತು. ಕಾಯಿಲೆ ಬರುವ ಪ್ರಮಾಣ ಲಕ್ಷಕ್ಕೆ 67ರಿಂದ 45ಕ್ಕೆ ಇಳಿಯಿತು. ಬಿಳಿಯರದೂ ಇಳಿದು ಅದೇ 45ಕ್ಕೆ ಬಂದು ನಿಂತಿತು. ಕಪ್ಪು ಜನರಲ್ಲಿ ಕಾಯಿಲೆ ಹರಡಿದ ಮೇಲೆ ಪತ್ತೆಯಾಗುವವರು ನೂರಕ್ಕೆ 79 ಇದ್ದವರು 40 ಆದರು. ಅವರ ಸಾವಿನ ಪ್ರಮಾಣ ಶೇಕಡ 42ರಷ್ಟು ಇಳಿದು ಬಿಳಿಯರದಕ್ಕೆ ಹೆಚ್ಚುಕಡಿಮೆ ಸಮವಾಯಿತು. ಅವರ ವಂಶವಾಹಿಯನ್ನು ಯಾರೂ ಮುಟ್ಟಿರಲಿಲ್ಲ. ಇಡೀ ಕ್ಯಾನ್ಸರ್ ಸಾಹಿತ್ಯದಲ್ಲಿ ನನಗೆ ಇದಕ್ಕಿಂತ ಹೆಚ್ಚು ಧೈರ್ಯ ಕೊಟ್ಟ ಅಂಕಿಸಂಖ್ಯೆ ಇಲ್ಲ.

ಭಾರತದ ಕಥೆ ಇದರ ಮಗ್ಗುಲಲ್ಲಿ ಇಟ್ಟು ನೋಡಬೇಕಾದದ್ದು. ನಮ್ಮಲ್ಲಿ ಬರುವವರು ಕಡಿಮೆ, ಬಂದವರಲ್ಲಿ ಉಳಿಯುವವರು ಇನ್ನೂ ಕಡಿಮೆ. 2018ರಲ್ಲಿ ಪ್ರಕಟವಾದ 71 ದೇಶಗಳ ಅಧ್ಯಯನದ ಪ್ರಕಾರ, ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಾಗಿ ಐದು ವರ್ಷದ ನಂತರವೂ ಬದುಕಿರುವವರು ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು. ಭಾರತದಲ್ಲಿ 40ಕ್ಕಿಂತ ಕಡಿಮೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಮ್ಮಲ್ಲಿಗೆ ಬಂದ 800 ರೋಗಿಗಳ ಲೆಕ್ಕ ಹಾಕಿದಾಗ ಸರಾಸರಿ ವಯಸ್ಸು 47 ಎಂದು ಕಂಡಿತು. ಅಮೆರಿಕದಲ್ಲಿ ಅದು ಅರವತ್ತರ ನಡುಭಾಗ. ಇದನ್ನು ಕೇಳಿದ ಕೂಡಲೇ ನಮ್ಮವರಿಗೆ ಬೇಗ ಬರುವ ಬೇರೆಯದೇ ಕಾಯಿಲೆ ಎಂದು ತೀರ್ಮಾನಿಸಬೇಡಿ. ನಮ್ಮದು ಕಿರಿಯರೇ ತುಂಬಿರುವ ದೇಶ, ದೊಡ್ಡ ಆಸ್ಪತ್ರೆಯ ತನಕ ಪ್ರಯಾಣ ಮಾಡಬಲ್ಲವರಲ್ಲೂ ಕಿರಿಯರೇ ಹೆಚ್ಚು. ಆದರೆ ಒಂದು ಮಾತು ನಿಜ: ನಲವತ್ತು ತುಂಬದವರಿಗೂ ಇದು ಬರುತ್ತದೆ, ವಯಸ್ಸು ಚಿಕ್ಕದು ಎಂಬ ಧೈರ್ಯದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಆ ತಿಂಗಳುಗಳ ಬೆಲೆ ದೊಡ್ಡದು. ಕರುಳಿನ ಗೋಡೆಯೊಳಗೇ ಇರುವಾಗ ಪತ್ತೆಯಾದರೆ ಐದು ವರ್ಷ ದಾಟುವವರು ಅಮೆರಿಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 90. ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ನೂರಕ್ಕೆ ಸುಮಾರು 15.

ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲೇ ಮಲ ಪರೀಕ್ಷೆಯ ಕಿಟ್ ಬರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಅದರಲ್ಲಿ ಗೊತ್ತಾಗುತ್ತದೆ. ಭಾರತದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಇದು ಇಲ್ಲ. ಕಾಯಿಲೆ ಇಷ್ಟು ಕಡಿಮೆ ಇರುವಲ್ಲಿ ಎಲ್ಲರಿಗೂ ಕಿಟ್ ಹಂಚುವುದು ಮೊದಲ ಕೆಲಸವೂ ಅಲ್ಲ ಎಂದೇ ನನ್ನ ಅನಿಸಿಕೆ. ಮೊದಲ ಕೆಲಸ ಲಕ್ಷಣ ಇರುವವರನ್ನು ತಡಮಾಡದೆ ನೋಡುವುದು. ನಮ್ಮಲ್ಲಿ ಗುದನಾಳದ ಕ್ಯಾನ್ಸರ್‌ನ ಪಾಲು ದೊಡ್ಡದು, ಅದರಲ್ಲಿ ಎಷ್ಟೋ ಗಂಟುಗಳು ವೈದ್ಯರ ಬೆರಳಿಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತವೆ. ಕೈಗವಸು ಹಾಕಿದ ಒಂದು ಬೆರಳು, ಒಂದು ನಿಮಿಷ ಸಾಕು. ನಾಚಿಕೆಯಿಂದ ರೋಗಿ ಬೇಡವೆನ್ನುತ್ತಾರೆ, ಗಡಿಬಿಡಿಯಲ್ಲಿ ವೈದ್ಯರೂ ಬಿಡುತ್ತಾರೆ, ಮುಲಾಮು ಬರೆದುಕೊಟ್ಟು ಕಳಿಸುತ್ತಾರೆ. ಹೆಣ್ಣುಮಕ್ಕಳಿಗಂತೂ ಈ ಮಾತನ್ನು ಗಂಡನ ಹತ್ತಿರ ಹೇಳುವುದೇ ಕಷ್ಟ. ದಯವಿಟ್ಟು ಕೇಳಿ: ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಹೋಗಿ ಬಂದರೂ ಪೂರ್ತಿ ಹೋಗಿಲ್ಲ ಎನ್ನಿಸುವುದು, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು. ಇವುಗಳಲ್ಲಿ ಯಾವುದು ಕಂಡರೂ "ಡಾಕ್ಟ್ರೇ, ಒಳಗೆ ಪರೀಕ್ಷೆ ಮಾಡಿ ನೋಡಿ" ಎಂದು ನೀವೇ ಕೇಳಿ. ಬೆರಳಿಗೆ ಏನೂ ಸಿಗದೆ ರಕ್ತ ನಿಲ್ಲದಿದ್ದರೆ ಕೊಲೊನೊಸ್ಕೋಪಿ ಎಲ್ಲಿ ಮಾಡುತ್ತಾರೆ ಎಂದು ಕೇಳಿ.

ಕೊನೆಗೆ ಮನೆತನದ ಮಾತು. ರಕ್ತದಲ್ಲಿ ಏನೂ ಇಲ್ಲವೆಂದು ನಾನು ಹೇಳಲಿಲ್ಲ. 1895ರಲ್ಲಿ ಅಮೆರಿಕದ ಆನ್ ಆರ್ಬರ್ ಊರಿನ ವೈದ್ಯ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ತನ್ನ ಮನೆಯವರಂತೆ ತಾನೂ ಗರ್ಭಕೋಶದ್ದೋ ಕರುಳಿನದೋ ಕ್ಯಾನ್ಸರ್‌ನಿಂದಲೇ ಸಾಯುತ್ತೇನೆ ಎಂದಿದ್ದಳು. ಹಾಗೆಯೇ ಆಯಿತು. ವಾರ್ಥಿನ್ ಆ ಕುಟುಂಬದ ವಂಶವೃಕ್ಷವನ್ನು ಬರೆದಿಟ್ಟರು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಅಂಥ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಲಿಂಚ್ ಸಿಂಡ್ರೋಮ್ ಎಂದು ಈಗ ಕರೆಯುವ ಆ ದೋಷ, ಈ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಮೂವರಲ್ಲಿ ಇರುತ್ತದೆ. ಅದು ಖಚಿತವಾದ ಮನೆಗಳಲ್ಲಿ ಇಪ್ಪತ್ತರ ಹರೆಯದಿಂದಲೇ ಕೊಲೊನೊಸ್ಕೋಪಿ ಶುರುವಾಗುತ್ತದೆ. ಆ ದೋಷ ಇಲ್ಲದಿದ್ದರೂ, ಅಪ್ಪ, ಅಮ್ಮ, ಅಣ್ಣ, ತಂಗಿ ಇವರಲ್ಲಿ ಒಬ್ಬರಿಗೆ ಅರವತ್ತಕ್ಕೆ ಮೊದಲೇ ಈ ಕಾಯಿಲೆ ಬಂದಿದ್ದರೆ, ಉಳಿದವರು 40ನೇ ವಯಸ್ಸಿಗೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಪ್ಪನಿಗೆ 48ರಲ್ಲಿ ಬಂದಿದ್ದರೆ ಮಗಳ ಪರೀಕ್ಷೆ 38ಕ್ಕೆ.